ಕೆಂಪು ದಾರದ ಚೀಲ

ಚೌಕಾಸಿ ಮಾಡದೆ ತಂದ ತರಕಾರಿ ನನಗೆ ರುಚಿಸುವುದಿಲ್ಲ. ಬಸವಕಲ್ಯಾಣದ ಓಣಿಗಳಲ್ಲಿ ಸೈಕಲ್ ಮೇಲೆ ಬೇಳೆ ಮಾರುತ್ತ ಶುರುಮಾಡಿ ಹುಮನಾಬಾದಿನಲ್ಲಿ ಸ್ವಂತ ದಾಲ್ ಮಿಲ್ಲು ಹಾಕಿದವನು ನಾನು. ಈ ಚಟ ಬಿಡೆಂದರೆ ಹೇಗೆ? ಕಳೆದ ವರ್ಷ, ಖರೀದಿಯಿಂದ ಗೋದಾಮಿನವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಸಾಫ್ಟ್‌ವೇರ್ ಹಾಕಿಸುವಾಗಲೂ ಸುಮ್ಮನಿರಲಿಲ್ಲ. ಅದನ್ನು ಹಾಕಲು ಕಲಬುರಗಿಯಿಂದ ಬಂದ ಸುನೀತಾ ಮೇಡಂ, ನಮ್ಮವರನ್ನು ಕೇಳಿ ತಿಳಿಯಲು ಒಂದು ವಾರ, ಅವರಿಗೆ ಕಲಿಸಲು ಇನ್ನೊಂದು ವಾರ ಬೇಕೆಂದರು. "ನಮ್ಮ ಕೆಲಸ ನಮಗ ಗೊತ್ತದ ರಿ. ಕೇಳೂದೇನದ, ಕಲಸೂದೇನದ?" ಎಂದು ಎರಡೂ ವಾರಗಳನ್ನು, ಅವುಗಳ ಫೀಸಿನ ಸಮೇತ, ಒಪ್ಪಂದದಿಂದ ಹೊಡೆದುಹಾಕಿಸಿದೆ. ಅಂದು ಊಟಕ್ಕೆ ಒಂದು ರೊಟ್ಟಿ ಹೆಚ್ಚೇ ಸೇರಿತು.

ಮೇಡಂ ಕೊನೆಗೊಮ್ಮೆ ಕೇಳಿದರು: "ತೊಗರಿಯೊಳಗ ಬ್ಯಾರೆ ಬ್ಯಾರೆ ಥರ ಏನರ ಅದಾವೇನ್ರಿ?"

"ತೊಗರಿ ಅಂದ್ರ ತೊಗರಿನೇ ರಿ," ಎಂದೆ.

ಸುಳ್ಳು. ಮೋರಖಂಡಿ ಕಡೆಯ ತೊಗರಿ ಬೆಣ್ಣೆಯಂತೆ ಬೇಯುತ್ತದೆ. ಅದರ ಬೇಳೆಯ ಚೀಲಗಳನ್ನು ಗೋದಾಮಿನ ಶರಣಪ್ಪ ಕಾಕಾ ಕೆಂಪು ದಾರದಲ್ಲಿ ಹೊಲಿದು ಬೇರೆ ಇಡುತ್ತಾರೆ. ಗುಟ್ಟು ನಮ್ಮಿಬ್ಬರದು. ಸಂತೆಯಲ್ಲಿ ಯಾರಿಗೂ ಕಾಣದಂತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸಿ ಬೆಳೆದವನು ಕಂಪ್ಯೂಟರಿನ ಮುಂದೆ ಮುಷ್ಟಿ ಬಿಚ್ಚುತ್ತಾನೆಯೇ?

ಕಂಪ್ಯೂಟರು ನನ್ನ ಮಾತು ನಂಬಿತು. ಅದಕ್ಕೆ ಎಲ್ಲ ಚೀಲವೂ ಒಂದೇ. ಕಾಕಾ ಮಗಳ ಊರಿಗೆ ಹೋಗಿದ್ದ ವಾರ, ಸದಾ ಕೆಂಪು ದಾರದ್ದೇ ಹೋಗುತ್ತಿದ್ದ ಗಂಗಮ್ಮಕ್ಕನ ಖಾನಾವಳಿಗೆ ಅದು ತೋರಿಸಿದ ಚೀಲಗಳೇ ಹೋದವು. ನನ್ನ ಸೈಕಲ್ಲಿನಿಂದ ಮೊದಲ ಚೀಲ ಇಳಿಸಿಕೊಂಡವಳು ಈ ಅಕ್ಕ.

"ತಮ್ಮಾ, ಐದು ಸೀಟಿ ಆದ್ರೂ ನಿನ್ನ ಬ್ಯಾಳಿ ಕಲ್ಲಿನಂಗ ಕುಂತದ," ಎಂದಳು ಫೋನಿನಲ್ಲಿ. "ಉಣ್ಣಾಕ ಬಂದವರು ನಗಾಕತ್ತಾರ. ಇನ್ನೊಮ್ಮೆ ಹಿಂಗಾದ್ರ ನಾ ಬ್ಯಾರೆ ಕಡಿ ನೋಡ್ಕೋತೀನಿ."

ಮೇಡಂಗೆ ಫೋನು ಹಚ್ಚಿ ನಿಜ ಒಪ್ಪಿಕೊಂಡೆ. ಒಪ್ಪಂದದ ಅವಧಿ ಮುಗಿದಿತ್ತು. ಆದರೂ ಮರುದಿನ ಬೆಳಗಿನ ಬಸ್ಸಿಗೇ ಬಂದರು. ನನ್ನನ್ನು ದಾಟಿ ಸೀದಾ ಗೋದಾಮಿಗೆ ಹೋಗಿ, ಚೀಲದ ಮೇಲೆ ಕೂತು, ಊರಿಂದ ಮರಳಿದ್ದ ಕಾಕಾನನ್ನು ಮಾತಾಡಿಸಿದರು. "ಇಷ್ಟು ವರ್ಷದಾಗ ಯಾರೂ ನನಗ ಇದನ್ನ ಕೇಳಿದ್ದಿಲ್ಲವ್ವ," ಎಂದು ಶುರುಮಾಡಿದ ಕಾಕಾ ಎರಡು ದಿನ ನಿಲ್ಲಿಸಲಿಲ್ಲ. ಯಾವ ಹೊಲದ ಕಾಳು ಒಡೆಯುವ ಮೊದಲು ಎಷ್ಟು ಹೊತ್ತು ನೆನೆಯಬೇಕೆಂಬುದು ನನಗೇ ಗೊತ್ತಿರಲಿಲ್ಲ. "ಸಾವ್ಕಾರ್ರು ಕೇಳಿದ್ರಲ್ಲೇನು ಹೇಳೂದು?" ಎಂದರು ಕಾಕಾ, ನನ್ನ ಕಡೆ ನೋಡಿ. ಮೇಡಂ ಕೆಂಪು ದಾರದ ಗುಟ್ಟನ್ನು ಕಂಪ್ಯೂಟರಿಗೆ ಕಲಿಸಿ, ಚೀಲ ನಮೂದಿಸುವ ಕೆಲಸವನ್ನು ಕಾಕಾನ ಕೈಯಿಂದಲೇ ಮಾಡಿಸಿ ಹೊರಟರು. ಹೊಡೆದುಹಾಕಿದ ವಾರಗಳ ಮಾತೆತ್ತಲಿಲ್ಲ. ಜೀವನದಲ್ಲಿ ಮೊದಲ ಸಲ ನಾನೇ ಹೆಚ್ಚು ಕೊಡಲು ಹೋದರೆ, ಎರಡು ಕಿಲೋ ಬೇಳೆ ಮಾತ್ರ ಒಯ್ದರು, ಕೆಂಪು ದಾರದ್ದು. ಅವರ ಋಣ ದೊಡ್ಡದು.

ಮುಂದಿನ ಚೀಲಗಳ ಬಗ್ಗೆ ಗಂಗಮ್ಮಕ್ಕ ಫೋನೇ ಮಾಡಲಿಲ್ಲ. ಅವಳ ಹೊಗಳಿಕೆ ಇರುವುದೇ ಹಾಗೆ.

ಅದಕ್ಕೇ ಹೇಳುತ್ತೇನೆ: ಬೇಕಾದರೆ ಚಹಾದ ಸಕ್ಕರೆ ಉಳಿಸಿ, ಕೇಳುವ ಕಲಿಸುವ ದಿನಗಳನ್ನು ಉಳಿಸಬೇಡಿ, ಬಂದವರಿಂದ ಏನನ್ನೂ ಮುಚ್ಚಿಡಬೇಡಿ. ಪಕ್ಕದ ಮಿಲ್ಲಿನ ಮಾಲೀಕರಿಗೂ ಮೊನ್ನೆ ನಮ್ಮ ಗೋದಾಮಿನಲ್ಲಿ ನಿಂತು ಇದನ್ನೇ ಅರ್ಧ ಗಂಟೆ ಬೋಧಿಸಿದೆ. ಅವರು ತಲೆದೂಗಿ, "ಖರೇ ಅದ. ಅಂದ್ಹಂಗ ಆ ಚೀಲಕ್ಕ ಕೆಂಪು ದಾರ ಏನ್ರಿ?" ಎಂದರು.

"ಏನಿಲ್ರಿ, ಬಿಳಿ ದಾರ ತೀರಿತ್ತು," ಎಂದೆ.

ಹಿಂದಿನಿಂದ ಕಾಕಾ ಕೆಮ್ಮಿದರು. ಆ ಮಾಲೀಕರು ಪ್ರಬಂಧ ಗಿಬಂಧ ಓದುವವರಲ್ಲ. ಆ ಧೈರ್ಯದ ಮೇಲೆ ಇಷ್ಟನ್ನು ಬರೆದಿದ್ದೇನೆ.