ಕಾವಿಗೆ ಕೂತ ಜವಾರಿ ಕೋಳಿ

ಗೋಕಾಕದ ದನದ ದವಾಖಾನೆಯಲ್ಲಿ ನಾನು ಕಂಪೌಂಡರ್ ಆಗಿದ್ದಾಗ ನಗು ನನ್ನನ್ನು ಹುಡುಕಿಕೊಂಡೇ ಬರುತ್ತಿತ್ತು. ಸ್ವಾತಂತ್ರ್ಯ ಬಂದು ಹತ್ತು-ಹನ್ನೆರಡು ವರ್ಷವಾಗಿತ್ತು. ಪೇಟೆಯ ಬಡವರೂ ಮನೆಯಲ್ಲೇ ಕೋಳಿ ಸಾಕಲಿ ಎಂದು ಸರಕಾರ ಬಿಳಿ ವಿಲಾಯತಿ ಕೋಳಿ ಹಂಚತೊಡಗಿತ್ತು. ಆ ಕೆಲಸ ನನ್ನ ತಲೆಗೆ ಬಂತು. ಎಮ್ಮೆಗೆ ಔಷಧ ಕುಡಿಸುವುದು ಗೊತ್ತಿತ್ತೇ ಹೊರತು ಕೋಳಿಯ ಬಗ್ಗೆ ನನಗೆ ತಿಳಿದದ್ದು ಊಟದ ಎಲೆಯವರೆಗೆ ಮಾತ್ರ.

೧. ಕೋಳಿಗೆ ಮನೆ

ಹಂಚುವ ಮೊದಲು ಕೋಳಿಯ ಮನೆ ಹೇಗಿರಬೇಕೆಂದು ಹೇಳಬೇಕಿತ್ತು. ನಮ್ಮ ಓಣಿಯ ಸಿಂಪಿಗನ ಮನೆಗೆ ಹೋದೆ. ಇರುವುದೊಂದೇ ಖೋಲಿ. ಅದರಲ್ಲಿ ಅವನು, ಹೆಂಡತಿ, ತಾಯಿ, ನಾಲ್ಕು ಮಕ್ಕಳು ಮತ್ತು ಹೊಲಿಗೆ ಮಷೀನು. ನಾನು ಕಾಗದ ನೋಡಿ ಓದಿದೆ: ಗಾಳಿ ಆಡಬೇಕು, ಬೆಳಕಿಗೆ ಕಿಟಕಿ ಬೇಕು, ಒಂದರ ಮೈಗೆ ಒಂದು ತಾಗದಷ್ಟು ಜಾಗ ಬೇಕು.

ಅವನು ಕತ್ತರಿ ಕೆಳಗಿಟ್ಟು ಖೋಲಿಯ ನಾಲ್ಕೂ ಗೋಡೆ ನೋಡಿದ.

"ಹಂಗಾರ ಕಂಪೌಂಡರ್ ಸಾಹೇಬ್ರ, ಮೊದಲ ನಮ್ಮನ್ನ ಕೋಳಿ ಅಂತ ಬರಕೋರಿ."

೨. ಮಾಸ್ತರರ ಅತಿಥಿ

ಅದೇ ಓಣಿಯಲ್ಲಿ ಎಲ್ಲರೂ ಆಯಿ ಎನ್ನುವ ಒಬ್ಬ ಮುದುಕಿ ಇದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಊರ ತಳಿಯ ಒಂದು ಕಂದು ಬಣ್ಣದ ಜವಾರಿ ಕೋಳಿ ಇತ್ತು. ಅದಕ್ಕೆ ಆಯಿಯ ಮನೆಯ ಬುಟ್ಟಿ ಸೇರುತ್ತಿರಲಿಲ್ಲ. ದಿನಾ ಬಾಜೂಮನೆಯ ಸಾಲಿ ಮಾಸ್ತರರ ಕಿಟಕಿಯಿಂದ ಒಳಗಿಳಿದು ಪರೀಕ್ಷೆಯ ಪೇಪರಿನ ಗಂಟಿನ ಮೇಲೆ ತತ್ತಿ ಇಟ್ಟು ಬರುತ್ತಿತ್ತು.

ಮಾಸ್ತರರು ಮಡಿವಂತರು. ತತ್ತಿಯನ್ನು ಇಕ್ಕಳದಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿ, ಆಯಿಯ ಕಟ್ಟೆಯ ಮೇಲಿಟ್ಟು ದಿನಾಲೂ ಬೈದು ಹೋಗುತ್ತಿದ್ದರು.

ಒಮ್ಮೆ ಇಕ್ಕಳವಿಲ್ಲದೆ ಬಂದರು. ಮುಖ ಬಾಡಿತ್ತು.

"ಆಯೀ, ಮೂರು ದಿನಾ ಆತು, ನಿನ್ನ ಕೋಳಿ ಬಂದಿಲ್ಲ. ನಮ್ಮ ಕಡಿಂದ ಏನರೆ ತಪ್ಪಾತೇನು?"

೩. ಗುರುತು

ಕೋಳಿ ಬರದಿದ್ದಕ್ಕೆ ಕಾರಣವಿತ್ತು. ಅದು ಕಾವಿಗೆ ಕೂತಿತ್ತು. ನಾನು ಹಂಚಿದ ವಿಲಾಯತಿ ಕೋಳಿಗಳು ತತ್ತಿ ಇಡುವುದರಲ್ಲಿ ಬಲು ಜೋರು, ಕಾವು ಕೂರುವುದು ಮಾತ್ರ ಅವುಗಳ ಜಾತಿಯಲ್ಲೇ ಇರಲಿಲ್ಲ. ಇದನ್ನು ನನಗೂ ಯಾರೂ ಹೇಳಿರಲಿಲ್ಲ. ಓಣಿಯವರು ತಮ್ಮ ಜವಾರಿ ಕೋಳಿಗಳನ್ನು ಆಗಲೇ ಕೊಯ್ದು ಉಂಡಿದ್ದರು. ಉಳಿದದ್ದು ಆಯಿಯದೊಂದೇ. ಹೀಗಾಗಿ ಆರು ಮನೆಯ ಹನ್ನೆರಡು ತತ್ತಿ ಅದರ ಹೊಟ್ಟೆಯಡಿ ಸೇರಿದವು. ಮನೆಗೊಂದು ಮರಿ ಆಯಿಯ ಕೂಲಿ. ಆ ಮರಿಗಳನ್ನು ಬೆಳೆಸಿ ಮಾರಿಯೇ ಅವಳು ವರ್ಷದ ಜೋಳ ತರಬೇಕಿತ್ತು.

ತತ್ತಿ ಅದಲು-ಬದಲಾಗಬಾರದೆಂದು ಎಲ್ಲರೂ ಗುರುತು ಹಾಕಿದ್ದರು. ಒಬ್ಬರದು ಕುಂಕುಮ, ಒಬ್ಬರದು ಅರಿಸಿನ, ಸಿಂಪಿಗನದು ಬಟ್ಟೆಗೆ ಗೆರೆ ಎಳೆಯುವ ನೀಲಿ ಖಡು. ಇಪ್ಪತ್ತೊಂದನೆಯ ದಿನ ಮರಿಗಳು ಹೊರಬಂದವು. ಗುರುತು ಸಿಪ್ಪೆಯ ಮೇಲೆ ಉಳಿಯಿತು. ಹನ್ನೆರಡೂ ಒಂದೇ ಬಣ್ಣ!

ಜಗಳ ಹತ್ತಿತು. ಆಯಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. "ಒಮ್ಮಿಗೇ ಕರೀರಿ. ಯಾರ ಕಡೆ ಓಡತಾವೊ, ಅವರವು."

ಆರು ಮನೆಯವರೂ ಗಂಟಲು ಹರಿಯುವಂತೆ ಕರೆದರು. ಮರಿಗಳು ಬೆದರಿ ತಾಯಿಯ ರೆಕ್ಕೆಯೊಳಗೆ ನುಗ್ಗಿದವು.

ಆಯಿ ಸೆರಗು ಕೊಡವಿದಳು. "ಆತಿಲ್ಲೊ? ಅಷ್ಟೂ ನಮ್ಮಾಕಿವ. ಇನ್ನ ನಾ ಕೊಟ್ಟಷ್ಟು ಇಸಗೊಂಡು ಮನೀಗೆ ಹೋಗ್ರಿ."

೪. ಸಾಹೇಬರ ಊಟ

ಕೆಲವು ತಿಂಗಳ ಮೇಲೆ ಬೆಳಗಾವಿಯಿಂದ ಸಾಹೇಬರು ತಪಾಸಣೆಗೆ ಬಂದರು. ಬಿಳಿ ಕೋಳಿಗಳನ್ನು ಕಂಡು ಖುಷಿಯಾದರು. ಮೂಡಲಗಿ, ಹುಕ್ಕೇರಿಯವರೂ ನಮ್ಮ ಓಣಿಯನ್ನು ನೋಡಿ ಕಲಿಯಬೇಕೆಂದರು. ಮಧ್ಯಾಹ್ನವಾಯಿತು. ನನ್ನ ಕಿವಿಯ ಹತ್ತಿರ ಬಂದು ಹೇಳಿದರು:

"ಊಟಕ್ಕ ಈ ಬಿಳೇದು ಬ್ಯಾಡ. ಹತ್ತಿ ತಿಂದಂಗ ಆಕ್ಕೈತಿ. ಜವಾರಿ ನೋಡ್ರಿ."

ಸಾಹೇಬರಿಗೆ ಇಲ್ಲವೆಂದರೆ ನನ್ನ ನೌಕರಿಗೆ ಕುತ್ತು. ಇಡೀ ಓಣಿಯಲ್ಲಿ ಜವಾರಿ ಕೋಳಿ ಒಂದೇ. ಅದೂ ಒಂಬತ್ತು ದಿನದಿಂದ ಮತ್ತೆ ಹನ್ನೆರಡು ತತ್ತಿಯ ಮೇಲೆ ಕೂತಿತ್ತು. ಅದು ಎದ್ದರೆ ತತ್ತಿ ಕೆಟ್ಟವು, ಆಯಿಯ ಜೋಳ ಹೋಯಿತು. ಜವಾನನನ್ನು ಕಳಿಸಿದೆ. ಆಯಿ ಅವನನ್ನು ಹೊಸ್ತಿಲೂ ದಾಟಗೊಡಲಿಲ್ಲ. ಕಡೆಗೆ ಸಾಹೇಬರೇ ನಡೆದರು. ಹಿಂದೆ ಬೆವರು ಒರೆಸಿಕೊಳ್ಳುತ್ತ ನಾನು.

ಆಯಿ ಕೈ ಮುಗಿದಳು. "ಬರ್ರಿ ಸಾಹೇಬ್ರ. ರೊಟ್ಟಿ, ಝುಣಕ ಮಾಡೇನಿ, ಉಣ್ಣಬರ್ರಿ. ಕೋಳಿ ಮಾತ್ರ ಕೇಳಬ್ಯಾಡ್ರಿ."

"ಯಾಕ?"

"ಆಕಿ ಕುಂತಿದ್ದು ನಿಮ್ಮ ಸರಕಾರಿ ಕೋಳೀ ತತ್ತಿ ಮ್ಯಾಲೆ. ಅವು ಹಡದು ಹೊಳ್ಳಿ ನೋಡೂದಿಲ್ಲ, ಅದಕ್ಕ ಆ ಕೆಲಸಾನೂ ನಮ್ಮಾಕೀನ ಮಾಡಾಕತ್ತಾಳ. ಸರಕಾರಿ ಡ್ಯೂಟಿ ಮ್ಯಾಲೆ ಇದ್ದಾಕಿನ್ನ ಕೊಯ್ಯಾಕ ಬರತೈತೇನ್ರಿ?"

ಸಾಹೇಬರು ಬುಟ್ಟಿಯತ್ತ ನೋಡಿದರು. ಕೋಳಿಯೂ ಸಾಹೇಬರನ್ನು ನೋಡಿತು. ನಾನು ಮಾಳಿಗೆಯ ತೊಲೆ ಎಣಿಸುತ್ತ ನಿಂತೆ.

"ಡ್ಯೂಟಿ ಎಂದ ಮುಗೀತೈತಿ?" ಸಾಹೇಬರು ಕೇಳಿದರು.

"ಇನ್ನ ಹನ್ನೆರಡ ದಿನಾರಿ."

"ಹಂಗಾರ ಹದಿಮೂರನೇ ದಿನ ಬರತೇನಿ."

"ಬರ್ರಿ, ಮನಿ ನಿಮ್ಮದು," ಎಂದಳು ಆಯಿ. "ಆದರ ಆವಾಗ ಆಕಿ ಬಾಣಂತನದ ರಜಾದ ಮ್ಯಾಲೆ ಇರತಾಳ."