ಎಲ್ಲಾ ಟಿವಿಗೂ ನಡೆಯುವ ರಿಮೋಟು

ಬೆಳಕಿನ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಿಂದಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಲೇ ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಕಣ್ಣಿಗೆ ಕಾಣುವ ಬೆಳಕು, ಕಾಣದ ಬೆಳಕು, ಎರಡನ್ನೂ ಕರಿಹಲಗೆಯ ಮೇಲೆ ಬಾಣ ಹಾಕಿ ತೋರಿಸಬಲ್ಲೆ. ಹಾಗಾಗಿ ಮನೆಗೊಂದು ರಿಮೋಟ್ ಆರಿಸಿ ತರುವ ಪ್ರಸಂಗ ಬಂದಾಗ, ಇಡೀ ತಾಲೂಕಿನಲ್ಲಿ ಆ ಕೆಲಸಕ್ಕೆ ನನಗಿಂತ ಅರ್ಹರಿಲ್ಲ ಎಂದು ತೀರ್ಮಾನಿಸಲಾಯಿತು. ತೀರ್ಮಾನಿಸಿದವಳು ನಾನೇ.

ರಿಮೋಟ್ ಬೇಕಾಗಿದ್ದು ನಮ್ಮ ಅತ್ತೆ ನೀಲವ್ವನವರಿಗೆ. ತಮ್ಮೂರು ಯಂಕಂಚಿಯ ಹೊಲದಲ್ಲಿ ಆಳುಗಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ ಹೆಣ್ಣುಮಗಳು ಅವರು. ಮೊಣಕಾಲಿನ ಆಪರೇಷನ್ ಆದಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ, ಓಣಿಗೆ ತೆರೆದುಕೊಳ್ಳುವ ಕಿಟಕಿಯ ಎದುರಿನ ಮಂಚ ಹಿಡಿದಿದ್ದರು. ದಿನಾ ನಡೆಯಲೇಬೇಕು, ಇಲ್ಲದಿದ್ದರೆ ಕಾಲು ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ವಾಕರ್ ಮಂಚದ ಪಕ್ಕದಲ್ಲೇ ಇತ್ತು. ಅತ್ತೆ ಅದರ ಮೇಲೆ ಟವೆಲ್ ಒಣಹಾಕುತ್ತಿದ್ದರು. ನಡೆಯಿರಿ ಎಂದರೆ, "ನಡದು ಯಾರ ಮನಿಗೆ ಹೋಗ್ಲಿ?" ಎನ್ನುತ್ತಿದ್ದರು. ನಾನೂ ನಮ್ಮ ಮನೆಯವರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಹಗಲಿಗೆ ಜೊತೆಗಿಟ್ಟಿದ್ದ ಹೆಂಗಸು ಊಟ, ಔಷಧಿ ಕೊಟ್ಟು ತನ್ನ ಫೋನಿನಲ್ಲಿ ಮುಳುಗುತ್ತಿದ್ದಳು. ಅತ್ತೆಯ ಊಟ ಅರ್ಧ ರೊಟ್ಟಿಗೆ ಇಳಿದಿತ್ತು. ಮಾತು ಅದಕ್ಕಿಂತ ಕಡಿಮೆ. ಆಗಾಗ ಮಗನಿಗೆ, ನನ್ನನ್ನು ಯಂಕಂಚಿಗೆ ಬಿಟ್ಟು ಬಾ ಎನ್ನುವುದೊಂದೇ.

ಅವರಿಗಿದ್ದ ಸಂಗಾತಿ ಎಂದರೆ ಆ ಕಿಟಕಿಯ ಪಕ್ಕದಲ್ಲಿದ್ದ ಟಿವಿ. ಆದರೆ ಅದರ ಸುತ್ತ ರಿಮೋಟುಗಳದ್ದೇ ಒಂದು ಸಂಸಾರ. ಟಿವಿಗೆ ಒಂದು, ಕೇಬಲ್‌ನವರ ಪೆಟ್ಟಿಗೆಗೆ ಒಂದು, ನಮ್ಮ ಮನೆಯವರು ಆಸೆಪಟ್ಟು ತಂದ ದೊಡ್ಡ ಸೌಂಡ್ ಬಾಕ್ಸಿಗೆ ಒಂದು. ಸಾಲದ್ದಕ್ಕೆ ಫ್ಯಾನಿಗೂ ಒಂದು. ಎಲ್ಲವೂ ಕಪ್ಪು, ಎಲ್ಲವೂ ಉದ್ದ. ಅತ್ತೆ ಧಾರಾವಾಹಿ ಹಚ್ಚಲು ಹೋದರೆ ಫ್ಯಾನ್ ನಿಲ್ಲುತ್ತಿತ್ತು. ಫ್ಯಾನ್ ಹಚ್ಚಲು ಹೋದರೆ ಸೌಂಡ್ ಬಾಕ್ಸ್ ಗುಡುಗುತ್ತಿತ್ತು. ಕೊನೆಗೆ ನಾಲ್ಕನ್ನೂ ದಿಂಬಿನ ಕೆಳಗಿಟ್ಟು ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದರು.

ನಮ್ಮ ಮನೆಯವರು ಕೃಷಿ ಇಲಾಖೆಯ ನೌಕರರು, ಸರಳ ಜೀವಿ. ಬೇಕಾದ ರಿಮೋಟಿಗೆ ಒಂದು ಕೆಂಪು ದಾರ ಕಟ್ಟು, ಮುಗಿಯಿತು ಎಂದರು. ಸದರಿ ಸಲಹೆಯನ್ನು ಅವೈಜ್ಞಾನಿಕವೆಂಬ ಕಾರಣಕ್ಕೆ ತಿರಸ್ಕರಿಸಿದೆ. ಎಲ್ಲ ಯಂತ್ರಗಳಿಗೂ ನಡೆಯುವ ಒಂದೇ ರಿಮೋಟ್ ಸಿಗುತ್ತದೆ, ಅದನ್ನು ಆರಿಸಲು ತಿಳಿವಳಿಕೆ ಬೇಕು, ಅದು ನನ್ನಲ್ಲಿದೆ ಎಂದು ಘೋಷಿಸಿದೆ. ಅವರು ಪೇಪರಿನೊಳಗೆ ಮುಖ ಮುಚ್ಚಿಕೊಂಡರು.

ಸಿಂದಗಿಯ ಬಜಾರದಲ್ಲಿ ಅಂಗಡಿಯವನು ನಾಲ್ಕೇ ಗುಂಡಿಗಳ ಒಂದು ರಿಮೋಟ್ ತೋರಿಸಿದ. ವಯಸ್ಸಾದವರಿಗೆ ಇದು ಚಲೋ ಎಂದ. ವಿಜ್ಞಾನದ ಶಿಕ್ಷಕಿಗೆ ನಾಲ್ಕು ಗುಂಡಿಯೇ! ಅವನಿಗೆ ರಿಮೋಟಿನಿಂದ ಹೊರಡುವ ಅವಕೆಂಪು ಕಿರಣಗಳ ಬಗ್ಗೆ ಸಣ್ಣದೊಂದು ಪಾಠ ಮಾಡಿ ಹೊರಬಂದೆ. ಮರುವಾರ ಇಂಡಿಗೆ, ತಂಗಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋದವಳು ತೊಟ್ಟಿಲ ಹಾಡು ಮುಗಿಯುವ ಮೊದಲೇ ಎದ್ದು ಅಲ್ಲಿನ ಪೇಟೆಗೆ ನಡೆದೆ. ಅಲ್ಲಿ ಸಿಕ್ಕಿತು ನನ್ನ ಯೋಗ್ಯತೆಗೆ ತಕ್ಕ ರಿಮೋಟು. ಬಾನಿನ ಚುಕ್ಕಿಗಳಷ್ಟು ಗುಂಡಿಗಳು. ಅಂಗಡಿಯಾತ ಯಾವ ಟಿವಿಗೆ ಬೇಕು, ಮನೆಯಲ್ಲಿ ಯಾರು ನಡೆಸುವವರು ಎಂದೆಲ್ಲ ಕೇಳಲು ಬಂದ. ಅದೆಲ್ಲ ನನಗೆ ಗೊತ್ತಿದೆ, ಕಿರಣದ ಬಲ ಎಷ್ಟಿದೆ ಹೇಳು ಎಂದೆ.

"ಬಲದ ಮಾತು ಕೇಳಬ್ಯಾಡ್ರಿ ಅಕ್ಕಾರ. ಬಯಲಾಗ ನಿಂತು ಒತ್ತಿದ್ರೂ ನಡೀತೈತಿ," ಎಂದ ಆತ.

ನಮ್ಮ ಪಡಸಾಲೆ ಬಯಲಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಬಲ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದುಕೊಂಡು ತಂದೆ.

ಅದಕ್ಕೆ ನಮ್ಮ ಯಂತ್ರಗಳ ಪರಿಚಯ ಮಾಡಿಸುವುದೇ ಒಂದು ಸಂಬಂಧ ಕುದುರಿಸಿದಂತಾಯಿತು. ಮೊದಲ ಪ್ರಯತ್ನದಲ್ಲಿ ಫ್ಯಾನು ನಿಂತಿತು, ಅದೂ ಬೇಸಿಗೆಯಲ್ಲಿ. ಎರಡನೆಯದರಲ್ಲಿ ಟಿವಿ ಯಾವುದೋ ದೇಶದ ಲಿಪಿಗೆ ತಿರುಗಿತು. ಅದನ್ನು ಮರಳಿ ಕರೆತರಲು ಊಟದ ಹೊತ್ತು ಮೀರಿತು. ಅಂತೂ ಎಲ್ಲವೂ ಒಂದೇ ರಿಮೋಟಿಗೆ ತಲೆಬಾಗಿದವು. ಅತ್ತೆಯ ಕೈಗೆ ಅದನ್ನು ಕೊಟ್ಟು ಪುಟ್ಟದೊಂದು ಭಾಷಣ ಮಾಡಿದೆ. ಇದು ಎಲ್ಲಾ ಟಿವಿಗೂ ನಡೆಯುತ್ತದೆ, ಹಿಡಿದು ಒತ್ತಿದರೆ ಸಾಕು, ಇನ್ನು ನೀವು ಯಾರನ್ನೂ ಕರೆಯಬೇಕಾಗಿಲ್ಲ ಎಂದೆ. ಅತ್ತೆ ತದೇಕಚಿತ್ತದಿಂದ ಕೇಳಿದರು. ನನ್ನ ಯಾವ ವಿದ್ಯಾರ್ಥಿಯೂ ಹಾಗೆ ಕೇಳಿದ್ದಿಲ್ಲ. ಅವರು ಪ್ರತಿ ಮಾತನ್ನೂ ನಂಬಿದ್ದರು ಎಂಬುದು ಆಮೇಲೆ ತಿಳಿಯಿತು.

ಈಗ ಎದುರು ಮನೆಯ ವಿಷಯ ಹೇಳಬೇಕು. ನಮ್ಮ ಓಣಿ ಕಿರಿದು. ಎರಡು ಮೋಟರ್‌ಸೈಕಲ್ ಎದುರಾದರೆ ಒಂದು ಯಾರದ್ದಾದರೂ ಕಟ್ಟೆ ಹತ್ತಬೇಕು. ಎದುರಿಗೆ ಸಂಗಪ್ಪ ಕಾಕಾ ಮತ್ತು ಅವರ ಹೆಂಡತಿ ಗೌರವ್ವ ಕಾಕು ಇದ್ದಾರೆ. ಕಾಕಾ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ನಮ್ಮ ಸೌಂಡ್ ಬಾಕ್ಸಿನ ಗದ್ದಲಕ್ಕೆ ಎರಡು ವರ್ಷಗಳ ಹಿಂದೆ ಒಮ್ಮೆ ನಮ್ಮ ಮನೆಯವರನ್ನು ತರಾಟೆಗೆ ತೆಗೆದುಕೊಂಡಿದ್ದರು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತ್ತು.

ರಿಮೋಟ್ ಬಂದ ಕೆಲವೇ ದಿನಗಳಲ್ಲಿ ಕಾಕು ನಮ್ಮ ಮನೆಯ ಮುಂದೆ ಬಂದು ನಿಂತರು. ಮುಖ ಬಾಡಿತ್ತು. ತಮ್ಮ ಟಿವಿಗೆ ಏನೋ ಆಗಿದೆಯಂತೆ. ಕಾಕಾ ಸುದ್ದಿ ನೋಡುತ್ತಿದ್ದರೆ ಒಮ್ಮೊಮ್ಮೆ ತಾನಾಗಿಯೇ ಚಾನೆಲ್ ಬದಲಾಗುತ್ತದೆ, ತಾನಾಗಿಯೇ ಕೂಗುತ್ತದೆ. ಕೇಬಲ್‌ನವನು ಬಂದು ನೋಡಿ ದೋಷವಿಲ್ಲ ಎಂದನಂತೆ. ಟಿವಿಗೆ ನಿಂಬೆಹಣ್ಣು ಕಟ್ಟಿಯೂ ಆಯಿತು. ಆಲಮೇಲದಿಂದ ಮಂತ್ರ ಬಲ್ಲವರೊಬ್ಬರನ್ನು ಕರೆಸಬೇಕೆಂದು ಕಾಕಾ ಹಟ ಹಿಡಿದಿದ್ದಾರಂತೆ.

"ಅಕ್ಕೋರ, ನೀವು ವಿಜ್ಞಾನ ಕಲಸ್ತೀರಿ. ನೀವೊಂದ ಸಲ ಬಂದು ನೋಡ್ರಿ," ಎಂದರು.

ಮೂಢನಂಬಿಕೆ ನನ್ನನ್ನು ಹುಡುಕಿಕೊಂಡು ಬಾಗಿಲಿಗೇ ಬಂದಿತ್ತು. ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಟೆ.

ಅವರ ಟಿವಿ ಪಕ್ಕದ ಗೋಡೆಯ ಮೂಲೆಯಲ್ಲಿತ್ತು. ಅದರ ಹಿಂದೆ ಮುಂದೆ ನೋಡಿ, ಎರಡು ಸಲ ಹ್ಞೂಂ ಎಂದು, ನನ್ನ ವರದಿ ಒಪ್ಪಿಸಿದೆ. ಓಣಿಯ ತುದಿಯಲ್ಲಿರುವ ಟ್ರಾನ್ಸ್‌ಫಾರ್ಮರಿನಿಂದಾಗಿ ವಿದ್ಯುತ್ತು ಏರಿಳಿಯುತ್ತಿದೆ. ಒಂದು ಸ್ಟೆಬಿಲೈಸರ್ ಹಾಕಬೇಕು. ಮೂಲೆಯಲ್ಲಿ ಗಾಳಿಯಾಡದೆ ಟಿವಿ ಬಿಸಿಯಾಗುತ್ತಿದೆ. ಅದನ್ನು ಹಿಂದಿನ ಗೋಡೆಗೆ, ಬಾಗಿಲಿಗೆ ಎದುರಾಗಿ ಇಡಬೇಕು. ಕಾಕಾ ಮರುಮಾತಾಡದೆ ಸ್ಟೆಬಿಲೈಸರ್ ತಂದರು. ಟಿವಿ ಬಾಗಿಲಿನತ್ತ ಮುಖ ಮಾಡಿತು. ಅಂದರೆ, ನಮ್ಮ ಕಿಟಕಿಯತ್ತ.

ಆಮೇಲೆ ರೋಗ ವಾಸಿಯಾಯಿತೇ? ಮೊದಲು ಒಮ್ಮೊಮ್ಮೆ ಆಗುತ್ತಿದ್ದದ್ದು ಈಗ ಸಂಜೆಯ ನಿತ್ಯಕರ್ಮವಾಯಿತು. ಕಾಕಾ ಮತ್ತೆ ಕರೆಸಿದರು. ಈ ಸಲ ಅವರ ಮಾತಿನಲ್ಲಿ ಗೌರವ ಕೊಂಚ ತೆಳುವಾಗಿತ್ತು. ಟಿವಿಯ ಮುಂದೆ ನಿಂತು ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಕೈಯಿಂದ ಗಾಳಿಯಲ್ಲಿ ಬರೆದು ವಿವರಿಸುತ್ತಿದ್ದೆ. ಸುದ್ದಿ ಓದುತ್ತಿದ್ದವಳು ಥಟ್ಟನೆ ಮಾಯವಾಗಿ ಧಾರಾವಾಹಿಯೊಂದರ ಅತ್ತೆ-ಸೊಸೆ ಜಗಳ ಶುರುವಾಯಿತು. ಸದ್ದು ಒಂದೊಂದೇ ಮೆಟ್ಟಿಲು ಏರತೊಡಗಿತು. ಜಗಳದ ಆ ದನಿಗಳು ನನಗೆ ಎರಡೆರಡಾಗಿ ಕೇಳಿಸಿದವು. ಒಂದು ಮುಂದಿನಿಂದ, ಇನ್ನೊಂದು ಬೆನ್ನ ಹಿಂದಿನಿಂದ.

ತಿರುಗಿ ನೋಡಿದೆ. ತೆರೆದ ಬಾಗಿಲು, ಕಿರಿದಾದ ಓಣಿ, ಅದರಾಚೆ ನಮ್ಮ ಕಿಟಕಿ. ಕಿಟಕಿಯೊಳಗೆ ಮಂಚದ ಮೇಲೆ ನಮ್ಮ ಅತ್ತೆ, ಎತ್ತು ಹೊಡೆಯುವವರ ಹಾಗೆ ತೋಳು ಮುಂದೆ ಚಾಚಿ, ರಿಮೋಟ್ ಹಿಡಿದು ಕೂತಿದ್ದಾರೆ. ಅಲ್ಲಿ ಅವರ ಹೆಬ್ಬೆರಳು ಒತ್ತಿದಾಗಲೆಲ್ಲ ಇಲ್ಲಿ ಸದ್ದಿನ ಅಂಕಿ ಏರುತ್ತಿತ್ತು. ಓಣಿಗೆಲ್ಲ ಒಬ್ಬನೇ ಕೇಬಲ್‌ನವನು, ಎಲ್ಲರಿಗೂ ಒಂದೇ ಬಗೆಯ ಪೆಟ್ಟಿಗೆ. ಹಳೆಯ ರಿಮೋಟಿನ ಕಿರಣ ನಮ್ಮ ಪಡಸಾಲೆಯಲ್ಲೇ ಸುಸ್ತಾಗುತ್ತಿತ್ತು. ನಾನು ಆರಿಸಿ ತಂದದ್ದು ಬಯಲಿನದು.

ನನ್ನ ಕಾಂತಕ್ಷೇತ್ರ ಅಲ್ಲಿಗೇ ನಿಂತಿತು. ಕಾಕಾ ನನ್ನ ದೃಷ್ಟಿಯನ್ನು ಹಿಂಬಾಲಿಸಿ ಕಿಟಕಿ ನೋಡಿದರು, ಟಿವಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಟಿಕೆಟ್ ಇಲ್ಲದೆ ಕೂತವರನ್ನು ಜೀವನವಿಡೀ ಹಿಡಿದ ಕಣ್ಣುಗಳು ಅವು. ಚಪ್ಪಲಿ ಮೆಟ್ಟಿ ಓಣಿ ದಾಟಿದರು. ಹಿಂದೆ ಕಾಕು, ಅವರ ಹಿಂದೆ ನಾನು. ಎರಡು ವರ್ಷಗಳ ಮೇಲೆ ಅವರು ನಮ್ಮ ಹೊಸ್ತಿಲು ತುಳಿಯುತ್ತಿದ್ದರು, ಅದೂ ಜಗಳಕ್ಕೆ. ಅತ್ತೆಯ ಈಗಿನ ಸ್ಥಿತಿಯಲ್ಲಿ ಒಂದು ಬಿರುಮಾತು ಬಿದ್ದರೆ ಯಂಕಂಚಿಗೆ ಹೊರಟೇಬಿಡುತ್ತಾರೆ ಎಂಬ ಹೆದರಿಕೆ ನನಗೆ.

ಅತ್ತೆ ಅವರನ್ನು ನೋಡಿದ್ದೇ ತಡ, ಮುಖ ಅರಳಿಸಿ ಬರ್ರಿ, ಕುಂದರ್ರಿ ಎಂದರು. ಕಾಕುವಿನ ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡರು. ಇದೇನು ನಡೆದಿದೆ ಎಂದು ಕಾಕಾ ರಿಮೋಟಿನತ್ತ ಬೆರಳು ತೋರಿಸಿ ಕೇಳಿದರು.

"ಮೊದ್ಲ ನನಗೂ ತಿಳೀಲಿಲ್ರಿ," ಎಂದರು ಅತ್ತೆ. "ನಮ್ಮ ಸೊಸಿ ನಿಮ್ಮ ಟಿವಿ ಈ ಕಡಿ ಮಾರಿ ಮಾಡಿ ಇಡಿಸಿದ್ಲು ನೋಡ್ರಿ, ಆವಾಗ ಕಂಡಿತು. ಎಲ್ಲಾ ಟಿವಿಗೂ ನಡೀತೈತಿ ಅಂತ ಆಕೀನ ಹೇಳಿದ್ಲು. ಮುದುಕಿ ಒಬ್ಬಾಕಿ ಕುಂತು ಬ್ಯಾಸರ ಮಾಡ್ಕೋತಾಳ, ಸೀರಿಯಲ್ ನೋಡಾಕ ಎದುರಿಗೆ ಒಬ್ರು ಜೊತಿ ಇರಲಿ ಅಂತ ಮಾಡ್ಯಾಳ. ಬಾಯಿ ಬಿಟ್ಟು ಹೇಳಾಕಿ ಅಲ್ಲ ಆಕಿ. ಆದ್ರ ನನಗ ತಿಳೀತೈತಿ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನನ್ನ ಪೆದ್ದುತನವನ್ನೆಲ್ಲ ಸೇರಿಸಿ ಈ ಹೆಣ್ಣುಮಗಳು ಪ್ರೀತಿಯೊಂದನ್ನು ಕಟ್ಟಿಕೊಂಡಿದ್ದರು. ಅದನ್ನು ಬೀಳಿಸಲು ಕಾಕಾನ ಒಂದೇ ಮಾತು ಸಾಕಿತ್ತು. ಕಾಕಾ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ಹೌದ್ರಿ ಅವ್ವಾರ. ನಿಮ್ಮ ಸೊಸಿ ಭಾಳ ವಿಚಾರ ಮಾಡೇ ಮಾಡ್ಯಾರ," ಎಂದರು.

ಕಾಕು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆಮೇಲೆ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದರು: ಮನೆಯಲ್ಲಿ ದಿನವಿಡೀ ಸುದ್ದಿಯೇ ಸುದ್ದಿ, ತಾನಾಗಿಯೇ ಧಾರಾವಾಹಿ ಬರತೊಡಗಿದಾಗ ಅವರಿಗೆ ಒಳಗೊಳಗೇ ಹಿಗ್ಗಾಗಿತ್ತಂತೆ. ಮಂತ್ರದವರು ಬಂದು ಅದನ್ನು ಬಿಡಿಸಿಬಿಟ್ಟರೆ ಎಂಬ ಹೆದರಿಕೆಗೇ ನನ್ನನ್ನು ಕರೆಯಲು ಬಂದಿದ್ದರಂತೆ. ನನ್ನ ವಿಜ್ಞಾನದಿಂದ ಟಿವಿ ಖಂಡಿತ ರಿಪೇರಿಯಾಗುವುದಿಲ್ಲ ಎಂಬ ಭರವಸೆ ಅವರಿಗಿತ್ತು!

ಮರುದಿನ ಅವರ ಟಿವಿ ಹಳೆಯ ಮೂಲೆಗೆ ಹೋಯಿತು, ನಮ್ಮ ಕಿಟಕಿಗೆ ಪರದೆ ಬಂತು. ನಮ್ಮ ಮನೆಯವರು ಸೌಂಡ್ ಬಾಕ್ಸನ್ನು ತಾವಾಗಿಯೇ ಅಟ್ಟಕ್ಕೇರಿಸಿ ಕಾಕಾನನ್ನು ಚಹಾಕ್ಕೆ ಕರೆದರು. ಸಂಜೆಯಾದರೆ ಕಾಕು ನಮ್ಮಲ್ಲಿಗೆ ಬಂದು ಅತ್ತೆಯ ಜೊತೆ ಕೂರತೊಡಗಿದರು. ಅತ್ತೆಯ ಅರ್ಧ ರೊಟ್ಟಿ ಒಂದಾಯಿತು, ಒಂದು ಎರಡಾಯಿತು.

ಒಂದು ಸಂಜೆ ಶಾಲೆಯಿಂದ ಬಂದಾಗ ಮಂಚ ಖಾಲಿ. ಬಿದ್ದರೋ ಏನೋ ಎಂದು ಒಳಗೆ ಹೊರಗೆ ಓಡಾಡಿದೆ. ಟವೆಲ್ ಹಾಸಿಗೆಯ ಮೇಲಿತ್ತು, ವಾಕರ್ ಇರಲಿಲ್ಲ. ಎದುರು ಮನೆಯಿಂದ ನಗು ಕೇಳಿಸಿತು. ಕಾಕುವಿಗೆ ಜ್ವರ ಬಂದಿದೆ ಎಂದು ಕೇಳಿ, ಜೊತೆಯ ಹೆಂಗಸನ್ನು ಪಕ್ಕದಲ್ಲಿ ನಡೆಸಿಕೊಂಡು, ಅತ್ತೆ ತಾವೇ ಓಣಿ ದಾಟಿ ಮಾತಾಡಿಸಲು ಹೋಗಿದ್ದರು. ಅವರ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ಒಳಗೆ ಇಣುಕಿದೆ. ಡಾಕ್ಟರ ಎಚ್ಚರಿಕೆಗೂ ನನ್ನ ಭಾಷಣಕ್ಕೂ ಆಗದ್ದು ಆಗಿತ್ತು. ಯಾರಿಗೆ ಕೈ ಮುಗಿಯಲಿ ಎಂದು ತಿಳಿಯದೆ, ಅತ್ತೆ, ಕಾಕಾ, ಕಾಕು ಮೂವರಿಗೂ ಸೇರಿಸಿ ಮನಸ್ಸಿನಲ್ಲೇ ಮುಗಿದೆ.

ಕಾಕು ನನ್ನ ಮಾನವನ್ನೂ ಉಳಿಸಿದರು. ಟಿವಿ ಹೇಗೆ ಸರಿಹೋಯಿತು ಎಂದು ಕೇಳಿದವರಿಗೆಲ್ಲ, ಅಕ್ಕೋರು ಬಂದು ನೋಡಿದರು, ಸರಿಹೋಯಿತು ಎಂದಷ್ಟೇ ಹೇಳಿದರು. ಅದರ ಫಲವಾಗಿ ಈಗ ಓಣಿಯ ಕೆಟ್ಟ ವಸ್ತುಗಳೆಲ್ಲ ನಮ್ಮ ಮನೆಯ ದಾರಿ ಹಿಡಿದಿವೆ. ನಿನ್ನೆ ಆಚೆ ಮನೆಯ ಸೊಸೆ ತಿರುಗದ ಮಿಕ್ಸರ್ ತಂದು ನನ್ನ ಮುಂದಿಟ್ಟಳು. ನಾನು ಕನ್ನಡಕ ಏರಿಸಿ, ಗಂಭೀರವಾಗಿ ಹ್ಞೂಂ ಎಂದೆ. ಕಟ್ಟೆಯ ಮೇಲೆ ಕಾಕುವಿನ ಜೊತೆ ಶೇಂಗಾ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು.

"ತಂಗಿ, ಅದನ್ನ ಪ್ಯಾಟಿಗೆ ಒಯ್ಯಿ. ಈಕಿ ಮುಟ್ಟಿದ್ರ ನಿಂದು ತಿರುಗೂದಿಲ್ಲ, ಎದುರು ಮನೀದು ತಿರುಗತೈತಿ."

ನನ್ನ ಪೆದ್ದುತನವೆಲ್ಲ ತಿಳಿದೂ ಅತ್ತೆ ಅಷ್ಟು ದಿನ ಸುಮ್ಮನಿದ್ದರೋ ಏನೋ. ಕೇಳುವ ಧೈರ್ಯ ನನಗಾಗಲಿಲ್ಲ. ಮಿಕ್ಸರನ್ನು ಅವಳ ಕೈಗಿಟ್ಟು, ನಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯಲು ಕೂತೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.