ಮಾವನ ಮುಂದೆ ನಿಲ್ಲದ ಸೈಕಲ್

ನಮ್ಮ ಕಡೆ ಸೈಕಲ್ ಹತ್ತುವುದನ್ನು ಕಲಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಹಿಂದಿನಿಂದ ಸೀಟು ಹಿಡಿದು ಓಡುತ್ತಾರೆ, "ಮುಂದ ನೋಡಲೇ, ಕೆಳಗ ನೋಡಬ್ಯಾಡ" ಎಂದು ಕೂಗುತ್ತಾರೆ, ನಮಗೆ ತಿಳಿಸದೆ ಕೈ ಬಿಡುತ್ತಾರೆ. ಇಳಿಯುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಆದರೆ ಧಾರವಾಡದ ಹಳ್ಳಿಗಳಲ್ಲಿ ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಅವನು ಯಾರ ಮುಂದೆ ಸೈಕಲ್ ಇಳಿಯುತ್ತಾನೆ ಎಂಬುದರಿಂದಲೇ. ಕಲಿಸಿದ ಮಾಸ್ತರರು ಎದುರು ಬಂದರೆ ಇಳಿಯಬೇಕು. ಮಠದ ಅಯ್ಯನವರು ಕಂಡರೆ ಇಳಿದು ಚಪ್ಪಲಿಯನ್ನೂ ಬಿಡಬೇಕು. ಹಿರಿಯರು ಕಟ್ಟೆಯ ಮೇಲೆ ಕುಳಿತಿದ್ದರೆ, ಕಟ್ಟೆ ದಾಟುವ ತನಕ ಸೈಕಲ್ಲನ್ನು ಕರುವಿನಂತೆ ಬಾಜುವಿನಲ್ಲಿ ಹಿಡಿದುಕೊಂಡು ನಡೆಯಬೇಕು. ಹಿರಿಯರು ಹೆಚ್ಚಾಗಿರುವ ಊರಿನಲ್ಲಿ ಸೈಕಲ್ ಎಂದರೆ ಮನುಷ್ಯನ ಜೊತೆ ನಡೆದು ಬರುವ ಒಂದು ಸಾಮಾನು. ಇನ್ನು ಹೆಣ್ಣು ಕೊಟ್ಟ ಮಾವನ ವಿಷಯವಂತೂ ಕೇಳುವುದೇ ಬೇಡ. ದೂರದಲ್ಲಿ ರುಮಾಲು ಕಂಡ ಕೂಡಲೇ ಇಳಿಯಬೇಕು. ರುಮಾಲಿನ ಕೆಳಗೆ ಇರುವವರು ಮಾವನೇ ಹೌದೋ ಅಲ್ಲವೋ ಎಂದು ಖಚಿತಪಡಿಸಿಕೊಳ್ಳುವುದೆಲ್ಲ ಇಳಿದ ಮೇಲಿನ ಕೆಲಸ.

ಖಚಿತಪಡಿಸಿಕೊಳ್ಳದೆ ಏನನ್ನೂ ಮಾಡಬಾರದು ಎಂಬುದು ನನ್ನ ವೃತ್ತಿಯ ನಿಯಮ. ಎಂಬತ್ತರ ದಶಕದಲ್ಲಿ ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಕಲಘಟಗಿಯಿಂದ ಸುದ್ದಿ ಕಳಿಸುತ್ತಿದ್ದೆ. ಎರಡೂ ಕಡೆಯವರ ಮಾತು ಕೇಳು, ವಿಶೇಷಣ ಬಳಸಬೇಡ ಎಂದು ಸುದ್ದಿಮನೆಯಲ್ಲಿ ನನ್ನನ್ನು ತಿದ್ದಿ ಬೆಳೆಸಿದ್ದರು. 'ಭೀಕರ ಅಪಘಾತ' ಎಂದು ಬರೆದು ಕಳಿಸಿದರೆ ಹಿರಿಯ ಉಪಸಂಪಾದಕರು 'ಭೀಕರ'ವನ್ನು ಹೊಡೆದು ಹಾಕಿ, "ಬಿದ್ದವನಿಗೆ ಗೊತ್ತಿರುತ್ತದೆ, ನೀನು ಹೇಳಬೇಕಾಗಿಲ್ಲ" ಎನ್ನುತ್ತಿದ್ದರು. ಆ ಶಿಸ್ತಿನಲ್ಲಿಯೇ ಮುಂದಿನ ಘಟನೆಯನ್ನೂ ಹೇಳಲು ಪ್ರಯತ್ನಿಸುತ್ತೇನೆ. ಇಳಿಜಾರಿನ ಪ್ರಸಂಗ ಬಂದಾಗ ಒಂದೆರಡು ವಿಶೇಷಣ ನುಸುಳಿದರೆ ಓದುಗರು ಕ್ಷಮಿಸಬೇಕು.

ಪಂಚಮಿ ಹಬ್ಬಕ್ಕೆಂದು ನನ್ನ ಹೆಂಡತಿ ನೀಲಾ ತವರಿಗೆ ಹೋಗಿದ್ದಳು. ಅವಳ ತವರು ಬಮ್ಮಿಗಟ್ಟಿಯ ಕಡೆಯ ಒಂದು ಸಣ್ಣ ಹಳ್ಳಿ. ಜೋಕಾಲಿ ಜೀಕಿ, ಉಂಡಿ ತಿಂದು ಮುಗಿದ ಮೇಲೆ ಅವಳನ್ನು ಕರೆದುಕೊಂಡು ಬರುವುದು ನನ್ನ ಕರ್ತವ್ಯ. ರಸ್ತೆಯಿಂದ ಹೋದರೆ ಬಹಳ ಸುತ್ತು. ಗುಡ್ಡ ಹತ್ತಿ ಇಳಿದರೆ ಹಾದಿ ನೇರವಾಗಿ ಊರ ಕಟ್ಟೆಯ ಮುಂದೆಯೇ ಬಂದು ಸೇರುತ್ತದೆ. ನಾನು ಸೈಕಲ್ ಏರಿ ಗುಡ್ಡದ ಹಾದಿ ಹಿಡಿದೆ. ಇಲ್ಲಿ ನನ್ನ ಹುಟ್ಟಿನ ಬಗ್ಗೆ ಒಂದು ಮಾತು ಹೇಳಬೇಕು. ನಾನು ನವಲಗುಂದ ತಾಲೂಕಿನ ತಿರ್ಲಾಪುರದವನು. ನಮ್ಮ ಎರಿ ನೆಲ ಬಡಿದ ರೊಟ್ಟಿಯಂತೆ ಸಪಾಟು. ಅಲ್ಲಿ ಸೈಕಲ್ ನಿಲ್ಲಿಸಲು ಬ್ರೇಕ್ ಬೇಕಿಲ್ಲ, ತುಳಿಯುವುದನ್ನು ಬಿಟ್ಟರೆ ಸಾಕು. ಮಳೆಗಾಲದಲ್ಲಿ ಕರಿಮಣ್ಣು ಗಾಲಿಗೆ ಮೆತ್ತಿಕೊಂಡು ತುಳಿದರೂ ನಿಲ್ಲುತ್ತದೆ. ಹೀಗಾಗಿ ಬ್ರೇಕ್ ಎಂಬುದರ ಬಗ್ಗೆ ನಾನು ಆಳವಾಗಿ ವಿಚಾರ ಮಾಡಿದವನೇ ಅಲ್ಲ. ಕಲಘಟಗಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಖಾಜಾಸಾಬ್ ನನ್ನ ಸೈಕಲ್ಲಿನ ಮುಂದಿನ ಬ್ರೇಕನ್ನು ಬಿಚ್ಚಿ ತೆಗೆದಾಗಲೂ ನಾನು ಸುಮ್ಮನಿದ್ದೆ.

"ಮುಂದಿನ ಬ್ರೇಕ್ ಅಂದ್ರ ಮನಶ್ಯಾನ್ನ ಪಲ್ಟಿ ಹೊಡಸೋ ಮಶೀನ್ ರಿ ಸಾಹೇಬ್ರ. ಹಿಂದಿಂದೊಂದ ಸಾಕು, ಬೇಫಿಕೀರ್ ಹೋಗ್ರಿ" ಎಂದಿದ್ದ ಖಾಜಾಸಾಬ್. ಒಂದೇ ಮೂಲದ ಮಾಹಿತಿಯನ್ನು ನಂಬಬಾರದು ಎಂದು ನನಗೆ ಕಲಿಸಿದ್ದರು. ಆದರೆ ಆ ಶಿಸ್ತು ಸುದ್ದಿಗೆ ಮಾತ್ರ, ಸೈಕಲ್ಲಿಗಲ್ಲ ಎಂದು ತಿಳಿದಿದ್ದೆ.

ಗುಡ್ಡದ ನೆತ್ತಿಯವರೆಗೆ ಸೈಕಲ್ಲನ್ನು ತಳ್ಳಿಕೊಂಡು ಹೋದೆ. ಬೆಳಗಿನ ಮಳೆ ನಿಂತು ಬಿಸಿಲು ಬಿದ್ದಿತ್ತು. ಕೆಳಗೆ ಭತ್ತದ ಗದ್ದೆಗಳು, ಅವುಗಳ ಆಚೆ ಹಂಚಿನ ಮನೆಗಳು, ನಡುವೆ ಕಟ್ಟೆಯ ಬೇವಿನಮರ. ಇಳಿಯುವ ಹಾದಿ ಮನುಷ್ಯರು ಮಾಡಿದ್ದಲ್ಲ, ದನಗಳು ಮಾಡಿದ್ದು. ದನಗಳಿಗೆ ಅವಸರವಿಲ್ಲ. ಒಂದು ಕವಳಿ ಹಣ್ಣಿನ ಗಿಡ ಕಂಡರೆ ಎಡಕ್ಕೆ ತಿರುಗುತ್ತವೆ, ಹುಲ್ಲು ಕಂಡರೆ ಬಲಕ್ಕೆ ತಿರುಗುತ್ತವೆ, ಎರಡೂ ಕಾಣದಿದ್ದರೆ ನಿಂತು ಯೋಚಿಸುತ್ತವೆ. ಅವುಗಳ ಯೋಚನೆಯೆಲ್ಲ ಆ ಕೆಂಪು ಗರಸಿನ ನೆಲದಲ್ಲಿ ಹಾದಿಯಾಗಿ ಮೂಡಿತ್ತು. ನಾನು ಸೀಟಿನ ಮೇಲೆ ಕುಳಿತು ನೆಲದಿಂದ ಕಾಲೆತ್ತಿದೆ. ಮೊದಲ ತಿರುವಿನಲ್ಲಿಯೇ ಬ್ರೇಕ್ ಹಿಡಿದೆ. ರಬ್ಬರು ಒದ್ದೆ ರಿಮ್ಮಿಗೆ ತಾಗಿ ಕುಂಯ್ ಎಂದಿತು. ಅದು ಸೈಕಲ್ಲಿಗೆ ಕೇಳಿಸಿದಂತೆ ಕಾಣಲಿಲ್ಲ. ಎರಡನೆಯ ತಿರುವಿನಲ್ಲಿ ಒಂದು ಚಪ್ಪಲಿ ಹೋಯಿತು, ಮುಂದಿನದರಲ್ಲಿ ಇನ್ನೊಂದು. ಗಿಡಗಳು ಎರಡೂ ಬದಿಗೆ ಹಸಿರು ಗೋಡೆಯಾಗಿ ಓಡಿದವು. ಒಂದು ಬಂಡೆ ಎದುರಿಗೆ ಬಂತು. ಸೈಕಲ್ ತಾನಾಗಿಯೇ ಅದರ ಮೇಲೆ ಹತ್ತಿ, ತುಸು ಹೊತ್ತು ಭೂಮಿಯ ಸಂಬಂಧ ಕಡಿದುಕೊಂಡು, ಮತ್ತೆ ಹಾದಿಗೆ ಬಂದು ಕುಳಿತು ಇನ್ನೂ ಜೋರಾಗಿ ಹೊರಟಿತು. ಕಲ್ಲಿನ ಮೇಲೆ ಕುಣಿಯುವಾಗೆಲ್ಲ ಗಂಟೆ ತನ್ನಷ್ಟಕ್ಕೆ ತಾನೇ ಬಾರಿಸಿಕೊಳ್ಳುತ್ತಿತ್ತು.

ಕಟ್ಟೆ ಬಂತು. ಕಟ್ಟೆಯ ಮೇಲೆ ನನ್ನ ಮಾವ ಬಸವಣ್ಣೆಪ್ಪನವರು ಊರ ಹಿರಿಯರ ನಡುವೆ ರುಮಾಲು ಸುತ್ತಿಕೊಂಡು ಕುಳಿತಿದ್ದರು. ಅಳಿಯ ಬರುವ ಹೊತ್ತಾಯಿತೆಂದು ನನ್ನನ್ನು ಎದುರುಗೊಳ್ಳಲೆಂದೇ ಬಂದು ಕುಳಿತಿದ್ದರಂತೆ. ಇಳಿಯುವುದಂತೂ ಸಾಧ್ಯವಿರಲಿಲ್ಲ. ಕನಿಷ್ಠ ನಮಸ್ಕಾರವಾದರೂ ಸಲ್ಲಲಿ ಎಂದು ಒಂದು ಕೈ ಎತ್ತಿದೆ. ಸೈಕಲ್ ಸೊಟ್ಟಗಾಯಿತು, ಕೈಯನ್ನು ಮತ್ತೆ ಹ್ಯಾಂಡಲ್ಲಿಗೆ ತಂದೆ. ಅಷ್ಟರಲ್ಲಿ ಮಾವನವರು ಹಿಂದೆ ಉಳಿದಿದ್ದರು.

ಊರಿನ ಆ ತುದಿಯಲ್ಲಿ ಓಣಿ ಸ್ವಲ್ಪ ಏರುತ್ತದೆ. ಆ ಏರಿನಲ್ಲಿ ಸೈಕಲ್ಲಿನ ಆವೇಶ ತಣ್ಣಗಾಗಿ, ಒಂದು ಮನೆಯ ಮುಂದೆ ಅದು ಮೆಲ್ಲಗೆ ನಿಂತಿತು. ನಾನು ವಿಧೇಯನಾಗಿ ಇಳಿದೆ. ಅದು ವಿರುಪಾಕ್ಷಪ್ಪ ಕಾಕಾನ ಮನೆ. ಈ ಕಾಕಾ ನನ್ನ ಮಾವನವರ ಚಿಕ್ಕಪ್ಪನ ಮಗ. ಒಂದು ಮದುವೆಯಲ್ಲಿ ಬೀಗರು ಇಬ್ಬರಲ್ಲಿ ಯಾರ ತಲೆಗೆ ಮೊದಲು ರುಮಾಲು ಸುತ್ತಬೇಕಿತ್ತು ಎಂಬ ಕಾರಣಕ್ಕೆ ಅಣ್ಣತಮ್ಮಂದಿರ ನಡುವೆ ಮಾತು ನಿಂತು ವರ್ಷಗಳಾಗಿದ್ದವು.

"ಬರ್ರಿ ಬರ್ರಿ ಅಳಿಯಂದ್ರ! ಅಗದಿ ನಮ್ಮ ಮನೀಗೇ ಬಂದ್ರಿ!" ಎಂದು ಕಾಕಾ ಓಡಿ ಬಂದ. ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದ, ಚಹಾ ತರಿಸಿದ. ಬೇಡ ಎನ್ನಲು ಬಾಯಲ್ಲಿ ಪಸೆ ಇರಲಿಲ್ಲ. ಕುಡಿದೆ. ಕಟ್ಟೆಯಿಂದ ಆ ಜಗಲಿ ಚೆನ್ನಾಗಿ ಕಾಣುತ್ತದೆ ಎಂಬುದನ್ನು ಆಮೇಲೆ ಗಮನಿಸಿದೆ.

ಮಾವನ ಮನೆಗೆ ಹೋಗುವಷ್ಟರಲ್ಲಿ ದೋಷಾರೋಪ ಸಿದ್ಧವಾಗಿತ್ತು. ನನ್ನ ಪತ್ರಿಕೆಯಲ್ಲಿಯೂ ಸುದ್ದಿ ಅಷ್ಟು ಬೇಗ ಅಚ್ಚಾಗುತ್ತಿರಲಿಲ್ಲ. ನೀಲಾ ನನ್ನನ್ನು ಪಡಸಾಲೆಯ ಮೂಲೆಗೆ ಕರೆದು ಹೇಳಿದಳು: "ಏನ್ರೀ ಇದು? ಅಪ್ಪನ ಮುಂದ ಇಳೀಲಿಲ್ಲ ಅಂತ. ಮ್ಯಾಲೆ ಗಂಟಿ ಬಾರಿಸಿ ಸರೀರಿ ಅಂದ್ರಂತ. ಕೈ ಬೀಸಿ ಟಾಟಾ ಮಾಡಿದ್ರಂತ. ಹಲ್ಲು ಕಿಸದ್ರಂತ!"

"ಹಲ್ಲು ಕಿಸಿದದ್ದು ಹೆದರಿಕೆಗೆ" ಎಂದೆ.

"ಕಾಕಾನ ಮನ್ಯಾಗ ಚಾ ಕುಡದದ್ದೂ ಹೆದರಿಕೀಗೇನು?"

ಅದಕ್ಕೂ ಹೌದೆಂದೆ. ನಿಜವೂ ಅದೇ. ಅವಳು ನಕ್ಕು ಬಿಟ್ಟಳು. ಆದರೆ ಅವಳ ನಿರ್ಧಾರ ಬದಲಾಗಲಿಲ್ಲ. "ನೋಡ್ರಿ, ಅಪ್ಪ ಸಿಟ್ಟಿನ್ಯಾಗ ಇದ್ದಾಗ ನಾ ಮನಿ ಬಿಟ್ಟು ಬಂದ್ರ ಮುಂದ ಈ ಮನಿ ಹೊಸ್ತಿಲು ಹೆಂಗ ತುಳೀಲಿ? ಅಪ್ಪ ನಿಮ್ಮ ಕೂಡ ಬಾಯಿ ತುಂಬ ಮಾತಾಡಿ ಕಳಿಸಬೇಕು. ಅಲ್ಲೀತನಾ ನಾ ಬರಾಂಗಿಲ್ಲ."

ಮಾವನವರು ಮಾತಾಡಲಿಲ್ಲ. ಊಟಕ್ಕೆ ನನ್ನ ಬಾಜುವಿಗೇ ಕುಳಿತರು. ಉಪಚಾರದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಮಗಳ ಮೂಲಕ ಹೇಳಿದರು. "ಅವರಿಗೆ ಇನ್ನೊಂದು ಹೋಳಿಗಿ ಹಾಕವಾ." "ಅವರಿಗೆ ತುಪ್ಪ ಕೇಳು." ನಾನೂ ಮಗಳ ಮೂಲಕವೇ ಸಾಕೆಂದು ಹೇಳಿಸಿದೆ. ಗುಡ್ಡ, ಒದ್ದೆ ರಿಮ್ಮು, ಮುಂದಿನ ಬ್ರೇಕಿನ ಕಥೆ, ಎಲ್ಲವನ್ನೂ ಯಾರಿಗೂ ಉದ್ದೇಶಿಸದೆ ಗೋಡೆಯ ಗಡಿಯಾರಕ್ಕೆ ವರದಿ ಒಪ್ಪಿಸಿದೆ. ಮಾವನವರು ಕೈ ತೊಳೆದುಕೊಂಡು ಬಂದು ಮಗಳಿಗೆ ಹೇಳಿದರು: "ಅವರಿಗೆ ಹೇಳವಾ. ಬ್ರೇಕ್ ಅನ್ನೂದು ಸೈಕಲ್ಲಿನ್ಯಾಗ ಇರಾಂಗಿಲ್ಲ, ಮನಶ್ಯಾನ್ಯಾಗ ಇರತೈತಿ. ನಾನೂ ಹರೇದಾಗ ಸೈಕಲ್ ಹೊಡದಾವ ಅದೇನಿ. ಹಿರೇರು ಕಂಡ್ರ ಸೈಕಲ್ ತಾನ ನಿಂದರತಿತ್ತು."

ನೀಲಾ ತಟ್ಟೆ ಎತ್ತುತ್ತಾ ತಲೆ ಎತ್ತದೆಯೇ ಹೇಳಿದಳು: "ಹಂಗಾರ ನಾಳೆ ಮುಂಜಾನೆ ನೀನ ಆ ಗುಡ್ಡದ ಮ್ಯಾಲಿಂದ ಇಳದ ತೋರಸಪಾ. ಕಟ್ಟಿ ಮುಂದ ನಿಂದರಸು. ಇವರಿಗೂ ಬುದ್ಧಿ ಬರತೈತಿ."

"ಏ, ಹುಚ್ಚಿ, ಈ ವಯಸ್ನ್ಯಾಗ ಅವರಿಗೆ ಸೈಕಲ್ಲೇನ?" ಎಂದು ಅತ್ತೆ ಒಳಗಿನಿಂದ ಕೂಗಿದರು. ಅತ್ತೆ ಹಾಗೆ ಕೂಗಿದ್ದರಿಂದಲೇ ಮಾವನವರು ಒಪ್ಪಿದರು ಎಂದು ನನ್ನ ಅಂದಾಜು.

ಮರುದಿನ ಕಟ್ಟೆಯ ಸುತ್ತ ಊರೇ ನೆರೆದಿತ್ತು. ಪಂಚಮಿಯ ದಿನಗಳೆಂದರೆ ನಮ್ಮ ಕಡೆ ಪಂದ್ಯಗಳ ದಿನಗಳು. ನಿಂಬೆಹಣ್ಣು ಎಸೆಯುವುದು, ಕಣ್ಣು ಕಟ್ಟಿಕೊಂಡು ನಡೆಯುವುದು ಎಲ್ಲ ನಡೆದಿರುತ್ತದೆ. ಮಾವನವರ ಸೈಕಲ್ ಆ ಸಾಲಿಗೆ ಸೇರಿತು. ಸಾಕ್ಷಿಗೆಂದು ಮಠದ ಅಯ್ಯನವರನ್ನೇ ಕರೆಸಿ ಕಟ್ಟೆಯ ನಡುವೆ ಕೂರಿಸಿದ್ದರು. ಮಾವನವರು ಕಚ್ಚೆ ಬಿಗಿದು, ರುಮಾಲನ್ನು ಇನ್ನೊಂದು ಸುತ್ತು ಸುತ್ತಿ, ನನ್ನ ಸೈಕಲ್ಲನ್ನು ತಳ್ಳಿಕೊಂಡು ಗುಡ್ಡ ಹತ್ತಿದರು. ಆಚೆ ಏರಿನ ಮೇಲೆ ವಿರುಪಾಕ್ಷಪ್ಪ ಕಾಕಾ ತನ್ನ ಬಾಗಿಲಲ್ಲಿ ನಿಂತು, "ಒಲಿ ಮ್ಯಾಲೆ ಚಾ ಇಡ್ರವಾ, ಅಣ್ಣ ಇಲ್ಲಿಗೇ ಬರತಾನ" ಎಂದು ಎಲ್ಲರಿಗೂ ಕೇಳುವಂತೆ ಒಳಗೆ ಹೇಳಿದ. ಹೋದ ರಾತ್ರಿಯೂ ಮಳೆಯಾಗಿತ್ತು.

ಗುಡ್ಡದ ನೆತ್ತಿಯಲ್ಲಿ ಬಿಳಿ ರುಮಾಲು ಕಾಣಿಸಿತು. ಮೊದಲ ತಿರುವಿನಲ್ಲಿ ಗಾಂಭೀರ್ಯವಿತ್ತು. ಮುಂದಿನದರಲ್ಲಿ ಗಿಡಗಳ ಮೇಲೆ ರುಮಾಲು ಮಾತ್ರ ಓಡುತ್ತಿತ್ತು. ಬಂಡೆಯ ಹತ್ತಿರ ಮಾವನವರೂ ಸೈಕಲ್ಲೂ ಆಕಾಶದ ಎದುರು ಒಂದು ಕ್ಷಣ ಸ್ಪಷ್ಟವಾಗಿ ಕಂಡರು. ಅತ್ತೆ "ಯಪ್ಪಾ ಶಿವನ!" ಎಂದು ಕಣ್ಣು ಮುಚ್ಚಿಕೊಂಡರು. ಗಂಟೆಯ ಸದ್ದು ಹತ್ತಿರವಾಯಿತು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಅಯ್ಯನವರು ಇಳಿಬಿಟ್ಟಿದ್ದ ಕಾಲುಗಳನ್ನು ಕಟ್ಟೆಯ ಮೇಲಕ್ಕೆ ಎಳೆದುಕೊಂಡರು. ಮಾವನವರು ಬಂದರು. ಒಂದು ಕೈ ಎತ್ತಿದರು. ಸೊಟ್ಟಗಾದರು. ಕೈ ಇಳಿಸಿದರು. ಮೂವತ್ತೆರಡು ಹಲ್ಲೂ ಬಿಸಿಲಿಗೆ ಹೊಳೆದವು. ಹೋದರು. ರುಮಾಲಿನ ಸೆರಗು ಬಿಚ್ಚಿಕೊಂಡು ಧ್ವಜದಂತೆ ಹಿಂದೆ ಹಾರಾಡುತ್ತಿತ್ತು.

ಅಯ್ಯನವರು ಕಾಲುಗಳನ್ನು ಮತ್ತೆ ಕೆಳಗೆ ಇಳಿಬಿಟ್ಟರು. ಆಮೇಲೆ ಕೇಳಿದರು: "ಬಸವಣ್ಣೆಪ್ಪ ನನಗ ಕೈ ಮುಗದನೋ, ಟಾಟಾ ಮಾಡಿದನೋ?" ಉತ್ತರಕ್ಕೆ ಕಾಯದೆ ಅವರೇ ತೀರ್ಪು ಕೊಟ್ಟರು: "ಇರಲಿ. ತಪ್ಪೆಲ್ಲಾ ಸೈಕಲ್ಲಿಂದು. ಅಳಿಯಂದೇನೂ ಇಲ್ಲ."

ಏರಿನ ಮೇಲೆ ಸೈಕಲ್ ನಿಲ್ಲಬೇಕಾದಲ್ಲಿಯೇ ನಿಂತಿತ್ತು. ಎರಡೂ ಮನೆಯವರು ಏನಾಗುವುದೋ ಎಂದು ಓಡಿದೆವು. ಮಾವನವರು ಹ್ಯಾಂಡಲ್ ಬಿಟ್ಟಿರಲಿಲ್ಲ. ಎದುರಿಗೆ ವಿರುಪಾಕ್ಷಪ್ಪ ಕಾಕಾ ಕಪ್-ಬಸಿಯಲ್ಲಿ ಚಹಾ ಹಿಡಿದು ನಿಂತಿದ್ದ.

"ಚಾ ತಗೋ ಅಣ್ಣಾ."

ಮಾವನವರು ಬಸಿಯನ್ನು ನೋಡಿದರು, ತಮ್ಮನನ್ನು ನೋಡಿದರು, ಮತ್ತೆ ಗುಡ್ಡವನ್ನು ನೋಡಿದರು. "ಚಾ ಆಮ್ಯಾಲೆ ಕುಡಿಯೂಣು. ಲೇ ವಿರುಪಾಕ್ಷಿ, ಆ ಬಂಡಿಗಲ್ಲಿನ ಮ್ಯಾಲಿಂದ ಹಾರತೈತಲೇ ಇದು! ನೀ ಒಮ್ಮಿ ಹೋಗಿ ನೋಡು. ಬಾ, ಮತ್ತ ಹೋಗೂಣು."

ಅಂದು ಮಧ್ಯಾಹ್ನದ ತನಕ ಆ ಊರಿನಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಕಾಕಾ ಇಳಿದ. ಮಾವನವರು ಇನ್ನೊಮ್ಮೆ ಇಳಿದರು. ಊರಿನಲ್ಲಿದ್ದ ಸೈಕಲ್ಲುಗಳೆಲ್ಲ ಗುಡ್ಡದ ಮೇಲೆ ಸೇರಿದವು. ಅಣ್ಣತಮ್ಮಂದಿರು ಗುದ್ದಲಿ ಹಿಡಿದು, ದನಗಳು ತಪ್ಪು ಲೆಕ್ಕ ಹಾಕಿದ ಒಂದು ತಿರುವನ್ನು ಸರಿಪಡಿಸಿದರು. ಮುಳ್ಳಿನ ಗಿಡ ಕಡಿದು ಹಾದಿ ಅಗಲ ಮಾಡಿದರು. ಬಂಡೆಯ ಆಚೆ ಮೆತ್ತಗೆ ಬೀಳಲೆಂದು ಮಣ್ಣು ಏರಿಸಿದರು. ಎಷ್ಟು ಏರಿಸಬೇಕು ಎಂಬ ಬಗ್ಗೆ ಇಬ್ಬರಿಗೂ ಜೋರು ಜಗಳವಾಯಿತು. ವರ್ಷಗಟ್ಟಲೆ ಮಾತು ಬಿಟ್ಟಿದ್ದವರು ಇಷ್ಟು ಬಾಯಿ ಮಾಡಿ ಜಗಳಾಡುವುದನ್ನು ನೋಡಿ ಅತ್ತೆಯ ಕಣ್ಣಲ್ಲಿ ನೀರು ಬಂತು. ಕಟ್ಟೆಯ ಹಿರಿಯರು ತಾವೇ ಹೊಸ ಕಾನೂನು ಮಾಡಿದರು: ಗುಡ್ಡದಿಂದ ಬರುವವನು ಕಟ್ಟೆಯ ಮುಂದೆ ಇಳಿಯಬೇಕಾಗಿಲ್ಲ, ಹಿರಿಯರೇ ಕಾಲು ಮೇಲೆತ್ತಿಕೊಳ್ಳಬೇಕು.

ಈ ಗದ್ದಲದಲ್ಲಿ ನನ್ನ ಸಮಸ್ಯೆ ಎಲ್ಲರಿಗೂ ಮರೆತೇ ಹೋಗಿತ್ತು. ಮಾವನವರು ಇನ್ನೂ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ನೀಲಾ ಚೀಲ ಕಟ್ಟಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. ಸಂಜೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಕೊನೆಗೆ ಮೈಯೆಲ್ಲ ಕೆಂಪು ಮಣ್ಣಾಗಿ ಒಳಗೆ ಬಂದ ಮಾವನವರು ನೇರ ನನ್ನ ಎದುರಿಗೇ ಬಂದು ನಿಂತರು.

"ಅಳಿಯಂದ್ರ" ಎಂದರು. ನೀಲಾ ಎದ್ದು ನಿಂತಳು. "ಸೈಕಲ್ ಇಲ್ಲೇ ಬಿಟ್ಟು ಹೋಗ್ರಿ."

ಬಾಯಿ ತುಂಬ ಆಡಿದ ಮಾತೇ ಹೌದು. ಎರಡನೆಯ ಮೂಲದಿಂದ ಖಚಿತಪಡಿಸಿಕೊಳ್ಳಲು ಹೆಂಡತಿಯ ಮುಖ ನೋಡಿದೆ. ಅವಳು ಆಗಲೇ ಚೀಲವನ್ನು ಕೈಗೆತ್ತಿಕೊಂಡಿದ್ದಳು.

ಬಸ್ಸಿನವರೆಗೆ ಮಾವನವರು ಬಂದರು. ನಾವು ಹತ್ತಿ ಕುಳಿತ ಮೇಲೆ ಕಿಟಕಿಯ ಹತ್ತಿರ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ನಿನ್ನಿ ನೀವು ಹಲ್ಲು ಕಿಸದದ್ದು ಹೆದರಿಕೀಗೆ ಅಂದ್ರಂತ, ಹೌದ್ರಿ?"

"ಹೌದ್ರಿ ಮಾವಾರ."

"ನನಗ ಹೆದರಿಕಿ ಆ ಬಂಡಿಗಲ್ಲಿನ ತನಕಾ ಅಷ್ಟ ಇತ್ರಿ. ಅಲ್ಲಿಂದೀಚಿಗೆ ಅಗದಿ ಖುಷಿ ಆಗಿ ನಗು ತಡೀಲಿಕ್ಕೆ ಆಗಲಿಲ್ಲ. ಅಯ್ಯಾರು ಕಂಡ್ರು, ಆದರೂ ನಗು ನಿಲ್ಲಲಿಲ್ಲ. ನಿಮಗ ಹಂಗೇನೂ ಆಗಲಿಲ್ಲೇನ್ರಿ?"

ನೀಲಾ ಪೂರ್ತಿಯಾಗಿ ನನ್ನ ಕಡೆಗೆ ತಿರುಗಿ ಕುಳಿತಳು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಈ ಕುರಿತು ಸಂಬಂಧಪಟ್ಟವರ ಪ್ರತಿಕ್ರಿಯೆ ಲಭ್ಯವಾಗಲಿಲ್ಲ.